ಅಕ್ಕನ ಸೈನ್ ಹಾಕಿಸಲು ಹೋದ ದಿನ

ಎರಡು ಸಾವಿರದ ಇಪ್ಪತ್ನಾಲ್ಕನೇ ಇಸವಿ. ಮಾವಿನ ಸುಗ್ಗಿ ಮುಗಿದು, ತೋಟ ಖಾಲಿಯಾಗಿ, ನನಗೆ ಸ್ವಲ್ಪ ಬಿಡುವು ಸಿಕ್ಕಿದ್ದ ಶ್ರಾವಣದ ದಿನಗಳು. ಆ ಬಿಡುವಿನಲ್ಲಿ ನಾನು ಅಕ್ಕನನ್ನು ಶ್ರೀನಿವಾಸಪುರದ ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆಸಿಕೊಂಡೆ. ಅಲ್ಲಿ ನಡೆದದ್ದನ್ನು ಇಷ್ಟು ದಿನ ಹೊರಗಿನವರಿಗೆ ಹೇಳಿರಲಿಲ್ಲ. ಹೇಳಿಕೊಂಡು ಹೆಮ್ಮೆಪಡುವಂಥ ಕೆಲಸವನ್ನು ನಾನು ಅವತ್ತು ಮಾಡಿರಲೂ ಇಲ್ಲ. ಆದರೆ ಅವತ್ತು ನಾನು ಕಂಡ ಇಬ್ಬರು ಮನುಷ್ಯರ ಬಗ್ಗೆ ಬರೆಯದೇ ಇರುವುದು ಇನ್ನೊಂದು ತಪ್ಪಾಗುತ್ತದೆ ಅನ್ನಿಸಿ ಬರೆಯುತ್ತಿದ್ದೇನೆ.

ನಮ್ಮದು ಗೌನಿಪಲ್ಲಿ ಹತ್ತಿರದ ಹಳ್ಳಿ. ಅಪ್ಪ ಅಮ್ಮನಿಗೆ ನಾವಿಬ್ಬರೇ ಮಕ್ಕಳು. ಅಕ್ಕ ನಾರಾಯಣಮ್ಮ ನನಗಿಂತ ಎಂಟು ವರ್ಷ ದೊಡ್ಡವಳು. ಅವಳನ್ನು ಕೋಲಾರದ ಆಚೆ ಸುಗಟೂರಿಗೆ ಕೊಟ್ಟಿದ್ದಾರೆ. ಅಲ್ಲಿ ಅವಳದೂ ಭಾವನದೂ ರೇಷ್ಮೆ ಬೇಸಾಯ, ಒಂದಷ್ಟು ತರಕಾರಿ, ಎರಡು ಹಸು. ನಾನು ಊರಲ್ಲೇ ಉಳಿದು ಅಪ್ಪನ ಮಾವಿನ ತೋಟ ನೋಡಿಕೊಳ್ಳುತ್ತೇನೆ, ಜೊತೆಗೆ ನಮ್ಮೂರ ಹಾಲಿನ ಡೈರಿಯ ಕಾರ್ಯದರ್ಶಿ. ಪಿಯುಸಿ ಓದಿದ್ದೇನೆ. ಊರಿನಲ್ಲಿ ಯಾರಿಗೇ ಅರ್ಜಿ ಬರೆಯಬೇಕಾದರೂ ಚಲಪತಿಯನ್ನು ಕರೆಯಿರಿ ಅನ್ನುತ್ತಾರೆ. ಅಕ್ಕ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಹತ್ತಬೇಕಾದ ವಯಸ್ಸಿನಲ್ಲಿ ನನ್ನನ್ನು ಸೊಂಟದ ಮೇಲೆ ಹೊತ್ತುಕೊಂಡು ತಿರುಗುತ್ತಿದ್ದಳು.

ಅಮ್ಮ ಮೊದಲೇ ಹೋಗಿದ್ದಳು. ಅಪ್ಪ ತೀರಿಕೊಂಡು ಮೂರು ವರ್ಷವಾಗಿದ್ದರೂ ನಾಲ್ಕು ಎಕರೆ ತೋಟದ ಪಹಣಿಯಲ್ಲಿ ಅವರ ಹೆಸರೇ ಇತ್ತು. ವಿಲ್ಲು ಗಿಲ್ಲು ಏನೂ ಬರೆದಿರಲಿಲ್ಲ. ಆ ವರ್ಷ ತೋಟಕ್ಕೆ ಹನಿ ನೀರಾವರಿ ಹಾಕಿಸೋಣ ಎಂದು ತೋಟಗಾರಿಕೆ ಇಲಾಖೆಗೆ ಹೋದರೆ, ಸತ್ತವರ ಹೆಸರಿಗೆ ಕೊಡಲು ಬರುವುದಿಲ್ಲ, ಖಾತೆ ಮಾಡಿಸಿಕೊಂಡು ಬನ್ನಿ ಅಂದರು. ನಾಡಕಚೇರಿಯಲ್ಲಿ ವಿಚಾರಿಸಿದೆ. ಮಕ್ಕಳು ಇಬ್ಬರಿದ್ದರೆ ಇಬ್ಬರ ಹೆಸರಿಗೂ ಜಂಟಿಯಾಗಿ ಖಾತೆ ಬರುತ್ತದೆ, ನಿಮ್ಮೊಬ್ಬರ ಹೆಸರಿಗೇ ಬೇಕಾದರೆ ಅಕ್ಕನವರಿಂದ ಹಕ್ಕು ಖುಲಾಸೆ ಪತ್ರ ರಿಜಿಸ್ಟರ್ ಮಾಡಿಸಿಕೊಳ್ಳಿ ಎಂದು ಅಲ್ಲಿನವರು ತಿಳಿಸಿದರು. ಅಂದರೆ ಅಪ್ಪನ ಆಸ್ತಿಯಲ್ಲಿ ತನಗಿರುವ ಪಾಲನ್ನು ಬಿಟ್ಟುಕೊಟ್ಟಿದ್ದೇನೆ ಎಂದು ಅಕ್ಕ ಬರೆದುಕೊಡಬೇಕು.

ನಮ್ಮ ಕಡೆ ಇದಕ್ಕೆ ಯಾರೂ ಅಷ್ಟು ಉದ್ದದ ಹೆಸರು ಹೇಳುವುದಿಲ್ಲ. ಹೆಣ್ಣುಮಕ್ಕಳ ಸೈನ್ ಅನ್ನುತ್ತಾರೆ. ಆಧಾರ್ ಜೆರಾಕ್ಸ್ ತೆಗೆಸಬೇಕು, ಫೋಟೊ ತೆಗೆಸಬೇಕು, ಹೆಣ್ಣುಮಕ್ಕಳ ಸೈನ್ ಹಾಕಿಸಬೇಕು, ಹೀಗೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಾರೆ. ಸೈನ್ ಆದ ಮೇಲೆ ಅಕ್ಕತಂಗಿಯರಿಗೆ ಒಂದು ಸೀರೆ, ಅರಿಶಿನ ಕುಂಕುಮ, ಹೂವು ಕೊಟ್ಟು, ಒಳ್ಳೆಯ ಹೋಟೆಲಿನಲ್ಲಿ ಊಟ ಹಾಕಿಸಿ ಬಸ್ಸು ಹತ್ತಿಸಿದರೆ ಅಲ್ಲಿಗೆ ಮುಗಿಯಿತು. ನಾನೂ ಹಾಗೆಯೇ ಮುಗಿಸಬೇಕು ಅಂದುಕೊಂಡೆ. ಮದುವೆ ಮಾಡಿ ಕೊಟ್ಟಾಗಲೇ ಅವಳಿಗೆ ಸೇರಬೇಕಾದದ್ದು ಸೇರಿದೆ, ತೋಟಕ್ಕೆ ಬೆವರು ಸುರಿಸುತ್ತಿರುವವನು ನಾನು ಎಂದು ನನಗೆ ನಾನೇ ಹೇಳಿಕೊಂಡೆ.

ಆದರೂ ಅಕ್ಕನ ಮುಖ ನೋಡಿಕೊಂಡು, ನಿನ್ನ ಪಾಲು ನನಗೆ ಬಿಟ್ಟುಕೊಡು ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಕೊಡುವುದಿಲ್ಲ ಅಂದುಬಿಟ್ಟರೆ ಅನ್ನುವ ಭಯ ಒಂದು ಕಡೆ. ಹೂಂ ಅಂದರೂ ಕೇಳಿದವನು ನಾನಾಗಿಬಿಡುತ್ತೇನಲ್ಲ ಅನ್ನುವ ಮುಜುಗರ ಇನ್ನೊಂದು ಕಡೆ. ಆ ವರ್ಷ ಟಿವಿಯಲ್ಲಿ, ಮೊಬೈಲಿನಲ್ಲಿ ಎಲ್ಲ ಕಡೆ ಒಂದು ಮಾತು ಓಡಾಡುತ್ತಿತ್ತು. ಅಪ್ಪನ ಆಸ್ತಿ ಮಕ್ಕಳಿಗೆ ಬಂದರೆ ಸರ್ಕಾರ ಅದರ ಮೇಲೆ ತೆರಿಗೆ ಹಾಕುತ್ತದಂತೆ ಎಂದು. ಡೈರಿಗೆ ಹಾಲು ಹಾಕಲು ಬಂದವರು ಕ್ಯಾನಿನ ಪಕ್ಕದಲ್ಲೇ ನಿಂತು ಅದರ ಬಗ್ಗೆ ಜಗಳವಾಡುತ್ತಿದ್ದರು. ಅದು ಬರೀ ಮಾತು, ಅಂಥದ್ದೇನೂ ಜಾರಿಯಲ್ಲಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಪೇಪರ್ ಓದುವವನು ನಾನು. ಹಾಲು ಹಾಕುವವರಿಗೆ ಹಾಗೆಂದು ತಿಳಿಹೇಳಿದವನೂ ನಾನೇ.

ಒಂದು ದಿನ ಬಸ್ಸು ಹತ್ತಿ ಸುಗಟೂರಿಗೆ ಹೋದೆ. ಅಕ್ಕನ ಮನೆಯಲ್ಲಿ ರೇಷ್ಮೆಹುಳು ನಾಲ್ಕನೇ ಜ್ವರದಿಂದ ಎದ್ದು, ಅಂದರೆ ಕೊನೆಯ ಸಲ ಪೊರೆ ಕಳಚಿ, ಸೊಪ್ಪು ಮೇಯುತ್ತಿದ್ದವು. ಆ ಹಂತದಲ್ಲಿ ಹುಳುವಿಗೆ ಎಷ್ಟು ಹಾಕಿದರೂ ಸಾಲದು, ಅಕ್ಕ ಕೂರಲೂ ಪುರುಸೊತ್ತಿಲ್ಲದೆ ತಟ್ಟೆಯಿಂದ ತಟ್ಟೆಗೆ ಹಿಪ್ಪುನೇರಳೆ ಸೊಪ್ಪು ಹಾಕುತ್ತಿದ್ದಳು. ನಾನು ಬಾಗಿಲಲ್ಲೇ ನಿಂತು ವಿಷಯ ತೆಗೆದೆ. ಅಪ್ಪನ ತೋಟದ ಖಾತೆ ಬದಲಾಯಿಸಬೇಕು, ಈಗ ಅದಕ್ಕೆ ಸರ್ಕಾರದವರು ಟ್ಯಾಕ್ಸ್ ಹಾಕುತ್ತಾರಂತೆ, ಇಬ್ಬರ ಹೆಸರಿದ್ದರೆ ಇಬ್ಬರ ಮೇಲೂ ಬೀಳುತ್ತದೆ, ನಿನಗ್ಯಾಕೆ ಆ ತಲೆನೋವು, ಬಂದು ಒಂದು ಸೈನ್ ಹಾಕಿಬಿಡು, ನಾನೊಬ್ಬನೇ ನೋಡಿಕೊಳ್ಳುತ್ತೇನೆ ಅಂದೆ. ಇಷ್ಟು ಸಲೀಸಾಗಿ ಸುಳ್ಳು ಹೇಳಬಲ್ಲೆ ಎಂದು ನನಗೇ ಗೊತ್ತಿರಲಿಲ್ಲ.

ಅಕ್ಕ ಸೊಪ್ಪು ಹಾಕುವುದನ್ನು ನಿಲ್ಲಿಸಿ, ಟ್ಯಾಕ್ಸ್ ಜಾಸ್ತಿ ಬರುತ್ತದಾ ಎಂದು ಕೇಳಿದಳು. ಬರುತ್ತದಂತೆ ಅಂದೆ. ಅವಳು ಮತ್ತೆ ತಟ್ಟೆಗೆ ಸೊಪ್ಪು ಹರಡಿದಳು. ಹುಳು ಗೂಡು ಕಟ್ಟಿದ ಮೇಲೆ ಬರುತ್ತೇನೆ ಎಂದಳು. ಒಂದು ಚೀಲ ಬದನೆಕಾಯಿ, ಟೊಮ್ಯಾಟೊ ತುಂಬಿ ಕೊಟ್ಟಳು. ಬಸ್ಸಿನಲ್ಲಿ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು, ಕೆಲಸ ಹೂವೆತ್ತಿದಂತೆ ಆಯಿತು ಎಂದು ಖುಷಿಪಡುತ್ತಾ ವಾಪಸು ಬಂದೆ.

ನನ್ನ ಹೆಂಡತಿ ಸುಜಾತ ಸೀರೆ ಆರಿಸಿ ತಂದಳು. ಚೀಲದಲ್ಲಿ ಅರಿಶಿನ ಕುಂಕುಮದ ಜೊತೆ ಇಡುವಾಗ, ಅತ್ತಿಗೆಗೆ ಎಲ್ಲ ಬಿಡಿಸಿ ಹೇಳಿದ್ದೀರಿ ತಾನೆ ಎಂದು ಒಂದು ಸಲ ಕೇಳಿದಳು. ಹೇಳಿದ್ದೀನಿ, ನೀನು ಸುಮ್ನಿರು ಎಂದು ಗದರಿದೆ. ನನ್ನ ಗದರಿಕೆಯಿಂದಲೇ ಅವಳಿಗೆ ಅರ್ಥವಾಗಿರಬೇಕು. ಮತ್ತೆ ಕೇಳಲಿಲ್ಲ.

ಕಚೇರಿಯಲ್ಲಿ ನಮಗೆ ಗೊತ್ತುಮಾಡಿಕೊಟ್ಟಿದ್ದ ಸಮಯ ಮಧ್ಯಾಹ್ನ ಹನ್ನೆರಡೂವರೆ. ಅದಕ್ಕೆ ಮೊದಲು ಪತ್ರ ಬರೆಸಿ ಸಿದ್ಧಮಾಡಿಕೊಳ್ಳಬೇಕಿತ್ತು. ಕಚೇರಿಯ ಎದುರಿನ ಸಾಲಿನಲ್ಲಿ ಪತ್ರ ಬರಹಗಾರರ ಅಂಗಡಿಗಳು ಬಹಳ ಇವೆ. ನಾನು ಹೋದದ್ದು ರಾಮಚಂದ್ರಯ್ಯ ಎಂಬುವರ ಹತ್ತಿರ. ಅಪ್ಪ ತೋಟ ಕೊಂಡಾಗ ಕ್ರಯಪತ್ರ ಬರೆದುಕೊಟ್ಟವರು ಅವರೇ, ಸರ್ವೆ ನಂಬರು ಚೆಕ್ಕುಬಂದಿ ಎಲ್ಲ ಅವರಿಗೆ ಹೇಳಿಕೊಡಬೇಕಾಗಿಲ್ಲ ಅನ್ನುವುದು ನನ್ನ ಲೆಕ್ಕಾಚಾರ. ಅರವತ್ತೈದು ದಾಟಿದ ಮನುಷ್ಯ. ಅವರಿಗೆ ಆ ಬೀದಿಯಲ್ಲಿ ಬಾಯಿಪಾಠದ ಮೇಷ್ಟ್ರು ಎಂಬ ಅಡ್ಡಹೆಸರು ಇದೆ ಅನ್ನುವುದು ಮಾತ್ರ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಪಕ್ಕದ ಅಂಗಡಿಗೆ ಹೋಗಿರುತ್ತಿದ್ದೆ.

ಅಕ್ಕ ಬೆಳಗಿನ ಬಸ್ಸಿಗೇ ಹೊರಟು, ಕೋಲಾರದಲ್ಲಿ ಬಸ್ಸು ಬದಲಾಯಿಸಿ ಹತ್ತು ಗಂಟೆಗೆಲ್ಲ ಬಂದಿಳಿದಳು. ತಲೆಗೆ ಎಣ್ಣೆ ಹಚ್ಚಿ ಬಿಗಿಯಾಗಿ ಬಾಚಿ, ಒಳ್ಳೆಯ ಸೀರೆ ಉಟ್ಟಿದ್ದಳು. ಟೀ ಕುಡಿಸಿದೆ. ಯಾಕೋ ಅವತ್ತು ಅವಳು ಹೆಚ್ಚು ಮಾತಾಡುತ್ತಿರಲಿಲ್ಲ. ನನಗೂ ಅದೇ ಬೇಕಿತ್ತು.

ರಾಮಚಂದ್ರಯ್ಯನವರ ಅಂಗಡಿಯಲ್ಲಿ ನಮಗಿಂತ ಮುಂಚೆ ಒಬ್ಬ ಅಜ್ಜಿಯೂ ಅವಳ ಮಗನೂ ಬಂದಿದ್ದರು. ಅಜ್ಜಿ ತನ್ನ ಮನೆಯನ್ನು ಮಗನಿಗೆ ದಾನಪತ್ರ ಮಾಡಿಕೊಡುವುದಿತ್ತು. ಕಂಪ್ಯೂಟರಿನಲ್ಲಿ ಪತ್ರ ಸಿದ್ಧವಾಗಿತ್ತು. ರಾಮಚಂದ್ರಯ್ಯ ಅದನ್ನು ಪೂರ್ತಿ ಓದಿದರು. ಆಮೇಲೆ, ನಮ್ಮ ಕಡೆ ಮನೆಮಾತು ಹೆಚ್ಚಾಗಿ ತೆಲುಗಾದ್ದರಿಂದ, ಅದರ ಅರ್ಥವನ್ನು ತೆಲುಗಿನಲ್ಲಿ ನಿಧಾನವಾಗಿ ಹೇಳಿದರು. ಅಷ್ಟಕ್ಕೇ ಬಿಡಲಿಲ್ಲ. ಕೈಕಟ್ಟಿ ಕೂತು, "ನೀ ನೋಟಿತೋ ಚೆಪ್ಪಮ್ಮಾ" ಅಂದರು. ನಿನ್ನ ಬಾಯಲ್ಲೇ ಹೇಳು ತಾಯಿ ಎಂದು. ಯಾವ ಮನೆ, ಯಾರಿಗೆ ಕೊಡುತ್ತಿದ್ದೀಯ, ಕೊಟ್ಟ ಮೇಲೆ ನಿನಗೆ ಏನು ಉಳಿಯುತ್ತದೆ ಎಂಬುದನ್ನು ಅಜ್ಜಿಯೇ ಹೇಳಬೇಕು.

ಮಗ ನಡುವೆ ಬಾಯಿ ಹಾಕಿದರೆ ಅವನನ್ನು ಹೊರಗೆ ನಿಲ್ಲಲು ಹೇಳಿದರು. ಅಜ್ಜಿ ಮೊದಲ ಸಲ ತಪ್ಪಿದಳು, ಮನೆಯ ಜೊತೆಗೆ ಪಕ್ಕದವರ ಕೊಟ್ಟಿಗೆಯನ್ನೂ ಕೊಟ್ಟುಬಿಟ್ಟಳು. ಕಾಯುತ್ತಾ ಕೂತಿದ್ದವರೆಲ್ಲ ನಕ್ಕರು, ಅಜ್ಜಿಯೂ ನಕ್ಕಳು. ಮೂರನೇ ಸಲಕ್ಕೆ ಸರಿಯಾಗಿ ಹೇಳಿದಳು. ಸಾಯುವ ತನಕ ಅದೇ ಮನೆಯಲ್ಲಿ ನಾನಿರಬೇಕು ಅನ್ನುವುದನ್ನೂ ಸೇರಿಸಿ ಎಂದಳು. ರಾಮಚಂದ್ರಯ್ಯ ತಲೆಯಾಡಿಸಿ ಆ ಸಾಲು ಸೇರಿಸಿ ಮತ್ತೆ ಪ್ರಿಂಟ್ ತೆಗೆದರು.

ಪಕ್ಕದಲ್ಲಿ ಕೂತಿದ್ದವರು ನನಗೆ ಹೇಳಿದರು, ಇವರು ಯಾವಾಗಲೂ ಹೀಗೇ, ಬರೆದುಕೊಡುವವರ ಬಾಯಲ್ಲಿ ಬರುವ ತನಕ ಪ್ರಿಂಟ್ ಕೈಗೆ ಕೊಡುವುದಿಲ್ಲ, ಅವಸರದವರು ಯಾರೂ ಇವರ ಹತ್ತಿರ ಬರುವುದಿಲ್ಲ ಎಂದು. ಅಕ್ಕನ ಕಡೆ ಬಾಗಿ, ನಿನ್ನನ್ನು ಕೇಳಿದರೆ ಎಲ್ಲ ಗೊತ್ತು ಅಂದುಬಿಡು, ಜಾಸ್ತಿ ಮಾತಾಡಿದರೆ ಟೈಮು ಮೀರಿಹೋಗುತ್ತೆ ಅಂದೆ. ಅವಳು ಹೂಂ ಅಂದಳು. ಎದ್ದು ಬೇರೆ ಅಂಗಡಿಗೆ ಹೋಗೋಣವೇ ಎಂದು ಯೋಚಿಸಿದೆ. ಆದರೆ ಕಾಗದಗಳೆಲ್ಲ ಅವರ ಮೇಜಿನ ಮೇಲಿದ್ದವು, ಪತ್ರವೂ ಟೈಪ್ ಆಗಿತ್ತು.

ನಮ್ಮ ಸರದಿ ಬಂತು. ರಾಮಚಂದ್ರಯ್ಯ ಪತ್ರವನ್ನು ಓದಿದರು. ಅದರ ಭಾಷೆ ನಿಮಗೆ ಗೊತ್ತೇ ಇದೆ, ಪಿಯುಸಿ ಓದಿದ ನನಗೇ ಅರ್ಧ ಅರ್ಥವಾಗುವುದಿಲ್ಲ. ಅವರು ತೆಲುಗಿನಲ್ಲಿ ಅರ್ಥ ಹೇಳಲು ಶುರುಮಾಡುವ ಮೊದಲೇ ನಾನು, ಅಕ್ಕನಿಗೆ ಎಲ್ಲ ಹೇಳಿದ್ದೀನಿ ಸಾರ್, ಅವಳಿಗೆ ಗೊತ್ತು ಎಂದು ನುಗ್ಗಿದೆ. ಅವರು ನನ್ನನ್ನು ಒಂದು ಕ್ಷಣ ನೋಡಿದರು. ಗೊತ್ತಿದ್ದರೆ ಒಳ್ಳೆಯದೇ ಆಯಿತಲ್ಲ, ನನಗೂ ಕೆಲಸ ಕಡಿಮೆ ಎಂದು ಅಕ್ಕನ ಕಡೆ ತಿರುಗಿದರು.

"ಯಾತಕ್ಕೆ ಬಂದಿದೀಯಮ್ಮ ಇವತ್ತು? ನಿನ್ನ ಬಾಯಲ್ಲೇ ಹೇಳು."

ಅಕ್ಕ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು. ಬಸ್ಸಿನಲ್ಲಿ ಬರುವಾಗಲೇ ಮಾತು ಜೋಡಿಸಿಟ್ಟುಕೊಂಡಿದ್ದಳು ಎಂದು ಆಮೇಲೆ ನನಗೆ ಅರ್ಥವಾಯಿತು.

"ನಂಗೆ ತಿಳಿದಂಗೆ ಹೇಳ್ತೀನಿ ಸಾಮಿ. ನಮ್ಮಪ್ಪನ ತೋಟಕ್ಕೆ ಸರ್ಕಾರದೋರು ಟ್ಯಾಕ್ಸ್ ಹಾಕ್ತಾರಂತೆ. ಇಬ್ಬರ ಹೆಸರೂ ಇದ್ರೆ ಇಬ್ಬರ ಮೇಲೂ ಬೀಳುತ್ತಂತೆ. ಅಕ್ಕನಿಗ್ಯಾಕೆ ಕಷ್ಟ ಅಂತ ನನ್ನ ತಮ್ಮ ಎಲ್ಲಾನೂ ತನ್ನೊಬ್ಬನ ತಲೆ ಮೇಲೆ ಹಾಕ್ಕೊಳ್ಳೋಕೆ ಬಂದವ್ನೆ. ಅದಕ್ಕೆ ನನ್ನ ಸೈನ್ ಬೇಕಂತೆ."

ಅಷ್ಟು ಹೇಳಿ ಅವಳು ಒಂದು ಸಲ ನನ್ನ ಕಡೆ ನೋಡಿದಳು. ಮತ್ತೆ ಅವರ ಕಡೆ ತಿರುಗಿದಳು.

"ನಾನು ಹಾಕಲ್ಲ ಸಾಮಿ. ಅವನಿಗೆ ಮೊದ್ಲೇ ಹೇಳಿದ್ರೆ ಒಪ್ತಾ ಇರ್ಲಿಲ್ಲ, ಅದಕ್ಕೇ ಇಲ್ಲಿಗೆ ಬಂದು ನಿಮ್ಮ ಮುಂದೆ ಹೇಳ್ತಿದೀನಿ. ಅವನೊಬ್ನೇ ಎಂಗೆ ಕಟ್ತಾನೆ? ಅವನಿಗೂ ಇಬ್ಬರು ಮಕ್ಳವ್ರೆ. ಅರ್ಧ ಟ್ಯಾಕ್ಸ್ ನನ್ನ ಹೆಸರಿಗೆ ಬರೀರಿ. ನಾವು ಗೂಡು ಮಾರಿ ಕಟ್ಕೊಂಡು ಹೋಗ್ತೀವಿ. ನಮ್ಮ ಮನೆಯೋರಿಗೂ ಹೇಳಿ ಬಂದಿದೀನಿ."

ನಾನು ತಲೆ ಎತ್ತಲಾಗದೆ ಮೇಜಿನ ಕಾಲನ್ನೇ ನೋಡುತ್ತಾ ಕೂತೆ. ಭೂಮಿ ಬಾಯಿಬಿಡಬಾರದೇ ಎಂದು ಜನ ಯಾಕೆ ಅನ್ನುತ್ತಾರೆ ಎಂದು ಅವತ್ತು ನನಗೆ ಗೊತ್ತಾಯಿತು.

ರಾಮಚಂದ್ರಯ್ಯ ನನ್ನನ್ನು, ಯಾವ ಟ್ಯಾಕ್ಸಪ್ಪಾ ಇದು ಎಂದು ಮೆಲ್ಲಗೆ ಕೇಳಿದರು. ಟಿವಿಯಲ್ಲಿ ಬಂದಿತ್ತು ಸಾರ್ ಎಂದು ತೊದಲಿದೆ. ಅವರು ನನ್ನನ್ನು ಅಲ್ಲೇ ನಾಲ್ಕು ಜನರ ಮುಂದೆ ಹಿಡಿದು ಜಾಡಿಸಬಹುದಿತ್ತು. ಜಾಡಿಸಿದ್ದರೆ ನನಗೂ ಸಮಾಧಾನವಾಗುತ್ತಿತ್ತೋ ಏನೋ. ಟಿವಿಯವರು ಏನೇನೋ ಹೇಳುತ್ತಾರೆ, ಬಹಳ ಜನಕ್ಕೆ ಹೀಗೆ ಗೊಂದಲವಾಗಿದೆ ಎಂದಷ್ಟೇ ಅಂದರು. ನನ್ನ ಮಾನ ಉಳಿಯಲೆಂದೇ ಹಾಗೆ ಹೇಳಿದರು ಎಂದು ನನಗೆ ಗೊತ್ತು. ಆಮೇಲೆ ಅಕ್ಕನ ಕಡೆ ಕುರ್ಚಿ ಎಳೆದುಕೊಂಡು ತೆಲುಗಿನಲ್ಲಿ ವಿವರಿಸಲು ಕೂತರು.

ಅಪ್ಪ ಅಮ್ಮನ ಆಸ್ತಿ ಮಕ್ಕಳಿಗೆ ಬರುವುದಕ್ಕೆ ನಮ್ಮ ದೇಶದಲ್ಲಿ ಈಗ ಯಾವ ಟ್ಯಾಕ್ಸೂ ಇಲ್ಲ ಎಂದರು. ವರ್ಷ ವರ್ಷ ಕಟ್ಟುವ ಕಂದಾಯ ಬಿಟ್ಟರೆ ಇನ್ನೇನೂ ಬೀಳುವುದಿಲ್ಲ, ಅದನ್ನು ಕಟ್ಟಲು ಗೂಡು ಮಾರುವ ಪ್ರಮೇಯವೂ ಇಲ್ಲ ಎಂದರು. ಈ ಪತ್ರ ಟ್ಯಾಕ್ಸಿನ ಪತ್ರವೇ ಅಲ್ಲ. ನಿಮ್ಮಪ್ಪನ ನಾಲ್ಕು ಎಕರೆಯಲ್ಲಿ ಎರಡು ಎಕರೆ ನಿನ್ನದು, ನಿನ್ನ ತಮ್ಮನಿಗೆ ಎಷ್ಟು ಹಕ್ಕಿದೆಯೋ ನಿನಗೂ ಅಷ್ಟೇ ಇದೆ. ಅದನ್ನು ತಮ್ಮನಿಗೆ ಪೂರ್ತಿ ಬಿಟ್ಟುಕೊಟ್ಟೆ, ಇನ್ನು ಮುಂದೆ ನಾನಾಗಲಿ ನನ್ನ ಮಕ್ಕಳಾಗಲಿ ಕೇಳುವುದಿಲ್ಲ ಎಂದು ಇದರಲ್ಲಿ ಬರೆದಿದೆ. ಪ್ರೀತಿಯಿಂದ ಬಿಟ್ಟುಕೊಡುವ ಅಕ್ಕತಂಗಿಯರು ಬೇಕಾದಷ್ಟು ಜನ ಇದ್ದಾರೆ, ಅದು ತಪ್ಪಲ್ಲ. ಬಿಡದೇ ಇರುವುದೂ ತಪ್ಪಲ್ಲ. ಈಗ ಇನ್ನೊಂದು ಸಲ ನಿನ್ನ ಬಾಯಲ್ಲಿ ಹೇಳು ಅಂದರು.

ಅಕ್ಕ ಈ ಸಲ ಬಹಳ ಹೊತ್ತು ತೆಗೆದುಕೊಂಡಳು. ತೋಟದಲ್ಲಿ ಅರ್ಧ ನಂದು, ಸೈನ್ ಹಾಕಿದರೆ ಅದು ನಂದಲ್ಲ, ಎಂದು ಒಂದೊಂದೇ ಪದ ಇಟ್ಟು ಹೇಳಿದಳು. ಸರಿಯಾಗಿ ಹೇಳಿದೆ ತಾಯಿ ಅಂದರು ರಾಮಚಂದ್ರಯ್ಯ. ಅವಳು ನನ್ನ ಕಡೆ ತಿರುಗಿದಳು. ಸಿಟ್ಟಿರಲಿಲ್ಲ. ಚಿಕ್ಕಂದಿನಲ್ಲಿ ನಾನು ಬಿದ್ದು ಮಂಡಿ ತರಚಿಕೊಂಡು ಬಂದಾಗ ನೋಡುತ್ತಿದ್ದ ಹಾಗೆ ನೋಡಿದಳು.

"ನಿಂಗೆ ಬೇಕಿತ್ತೇನೋ?"

ನನಗೆ ಹೂಂ ಅನ್ನಲೂ ಆಗಲಿಲ್ಲ, ಊಹೂಂ ಅನ್ನಲೂ ಆಗಲಿಲ್ಲ. ಅವಳು ಸ್ವಲ್ಪ ಹೊತ್ತು ಕಾದಳು. ಆಮೇಲೆ ರಾಮಚಂದ್ರಯ್ಯನವರಿಗೆ, ಸೈನ್ ಬೇಡ ಸಾಮಿ, ಇಬ್ಬರ ಹೆಸರೂ ಇರಲಿ ಎಂದಳು. ದನಿ ಜೋರಾಗಿರಲಿಲ್ಲ. ಆದರೆ ಅದನ್ನು ಬದಲಾಯಿಸುವ ಮಾತೇ ಇಲ್ಲ ಎಂದು ಕೇಳಿದವರಿಗೆಲ್ಲ ಗೊತ್ತಾಗುತ್ತಿತ್ತು.

ಸೈನ್ ಆಗಲಿಲ್ಲವೆಂದರೆ ರಾಮಚಂದ್ರಯ್ಯನವರಿಗೆ ಅವತ್ತಿನ ಕೆಲಸ ಹೋಯಿತು. ಅವರು ಒಂದಿಷ್ಟೂ ಬೇಸರ ಮಾಡಿಕೊಳ್ಳಲಿಲ್ಲ. ಟೈಪ್ ಆಗಿದ್ದ ಪತ್ರವನ್ನು ಕಂಪ್ಯೂಟರಿನಿಂದ ಅಳಿಸಿದರು. ಜಂಟಿ ಖಾತೆಗೆ ನನ್ನಂಥವರು ಬೇಕಾಗಿಲ್ಲ, ನೀವೇ ನಾಡಕಚೇರಿಗೆ ಹೋಗಿ ಪೌತಿ ಖಾತೆಗೆ, ಅಂದರೆ ಸತ್ತವರ ಖಾತೆ ಮಕ್ಕಳ ಹೆಸರಿಗೆ ಬದಲಾಯಿಸಲು, ಅರ್ಜಿ ಕೊಡಿ ಎಂದು, ಅಪ್ಪನ ಮರಣ ಪತ್ರ, ವಂಶವೃಕ್ಷ, ಇಬ್ಬರ ಆಧಾರ್, ಹೀಗೆ ಬೇಕಾದ ಕಾಗದಗಳ ಪಟ್ಟಿಯನ್ನು ತಮ್ಮ ಕೈಯಾರೆ ಗುಂಡಗಿನ ಅಕ್ಷರದಲ್ಲಿ ಬರೆದುಕೊಟ್ಟರು. ಏನು ಕೊಡಬೇಕು ಎಂದು ಕೇಳಿದರೆ, ಬರೆಯದೇ ಇರುವ ಪತ್ರಕ್ಕೆ ಏನೂ ತಗೊಳ್ಳಲ್ಲ ಎಂದರು. ಅಂಥ ಜಾಗದಲ್ಲಿ ಅಂಥ ಮನುಷ್ಯ ಇದ್ದಾರೆ ಎಂದರೆ ನಾನೇ ಕಣ್ಣಾರೆ ನೋಡದಿದ್ದರೆ ನಂಬುತ್ತಿರಲಿಲ್ಲ. ಆ ಬೀದಿಯಲ್ಲಿ ಅವರನ್ನು ಬಾಯಿಪಾಠದ ಮೇಷ್ಟ್ರು ಎಂದು ಆಡಿಕೊಳ್ಳುತ್ತಾರೆ. ನನಗೆ ಮಾತ್ರ ಅವರು ನಿಜವಾಗಿಯೂ ಮೇಷ್ಟ್ರೇ.

ಹೊರಗೆ ಬಂದೆವು. ಸಾಕ್ಷಿ ಹಾಕಲು ಬರಬೇಕಿದ್ದ ಇಬ್ಬರಿಗೆ ಫೋನು ಮಾಡಿ, ಬರುವುದು ಬೇಡ ಅಂದೆ. ಅಕ್ಕನಿಗೆ ಏನು ಹೇಳಬೇಕೋ ತೋಚದೆ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸುತ್ತಾ ನಿಂತಿದ್ದೆ. ಚೀಲದ ಬಾಯಿಂದ ಸೀರೆಯ ಅಂಚು ಕಾಣುತ್ತಿತ್ತು. ಅವಳು ಅದನ್ನು ನೋಡಿ, ಸುಜಾತ ಆರಿಸಿದ್ದಾ ಎಂದು ಕೇಳಿದಳು. ಹೌದು ಅಂದೆ.

"ಕೊಡು ಮತ್ತೆ. ಸೈನ್ ಹಾಕ್ದಿದ್ರೆ ಸೀರೆ ಇಲ್ಲ ಅಂತೇನಾದ್ರೂ ಐತಾ?"

ಅವಳೇ ಕೈ ಹಾಕಿ ಸೀರೆ ತೆಗೆದುಕೊಂಡಳು, ಅರಿಶಿನ ಕುಂಕುಮದ ಪೊಟ್ಟಣವನ್ನೂ ಬಿಡಲಿಲ್ಲ, ಹೂವನ್ನು ಅಲ್ಲೇ ಮುಡಿದುಕೊಂಡಳು. ನನಗೆ ನಗು ಬಂತು, ನಗುತ್ತಲೇ ಕಣ್ಣಲ್ಲಿ ನೀರು ಬಂತು. ಅವಳು ಅದನ್ನು ನೋಡಿಯೂ ನೋಡದವಳ ಹಾಗೆ, ಹೊಟ್ಟೆ ಹಸೀತಾ ಐತೆ ಕಣೋ ಅಂದಳು. ಹೋಟೆಲಿಗೆ ಹೋಗಿ ಮುದ್ದೆ ಊಟ ಮಾಡಿದೆವು. ಊಟದ ಉದ್ದಕ್ಕೂ ಈ ಸಲ ಗೂಡು ಹೇಗೆ ಬಂದಿದೆ, ಹಸು ಯಾವಾಗ ಕರು ಹಾಕುತ್ತದೆ ಎಂದು ಅವಳೇ ಮಾತಾಡಿದಳು. ನಾನು ತಟ್ಟೆ ನೋಡುತ್ತಾ ಉಂಡೆ. ಅವಳನ್ನು ಕೋಲಾರದ ಬಸ್ಸಿಗೆ ಹತ್ತಿಸಿ ಮನೆಗೆ ಬಂದೆ. ಸುಜಾತಾಳಿಗೆ ನಡೆದದ್ದನ್ನೆಲ್ಲ ಹೇಳಿದೆ. ಅವಳು ನನ್ನನ್ನು ಬೈಯಲಿಲ್ಲ. ಅತ್ತಿಗೆ ದೊಡ್ಡವರು ಎಂದಷ್ಟೇ ಅಂದಳು.

ಕೆಲವು ತಿಂಗಳಲ್ಲಿ ಪಹಣಿಯಲ್ಲಿ ನಮ್ಮಿಬ್ಬರ ಹೆಸರೂ ಬಂತು. ಎರಡು ಹೆಸರಿದ್ದರೆ ಪ್ರತಿಯೊಂದಕ್ಕೂ ತೊಡಕು ಎಂದು ನಾನು ಹೆದರಿದ್ದೆ. ಹನಿ ನೀರಾವರಿಗೆ ಇಲಾಖೆಯವರು ಕೇಳಿದ್ದು ಅಕ್ಕನದೊಂದು ಒಪ್ಪಿಗೆ ಪತ್ರ. ಫೋನು ಮಾಡಿದ ಮಾರನೆಯ ದಿನವೇ ಅವಳು ಮೊದಲ ಬಸ್ಸಿಗೆ ಬಂದಿಳಿದಳು. ಒಪ್ಪಿಗೆ ಪತ್ರವನ್ನು ನಾನು ಓದಿ ಹೇಳಿದೆ. ಎಲ್ಲಿ ಒತ್ತಬೇಕು ಎಂದು ಅವಳು ಕೇಳುವ ಮೊದಲೇ, ಅಕ್ಕ, ಈಗ ನಿನ್ನ ಬಾಯಲ್ಲಿ ಹೇಳು ಅಂದೆ. ಅವಳು ನಕ್ಕು, ಗಿಡಕ್ಕೆ ಪೈಪಿನಾಗೆ ನೀರು ಬಿಡೋಕೆ ನಂದೂ ಒಪ್ಪಿಗೆ ಐತೆ ಎಂದು ಹೇಳಿ ಹೆಬ್ಬೆಟ್ಟು ಒತ್ತಿದಳು.

ಅಲ್ಲಿಂದ ಮುಂದೆ ಅವಳು ಬರುವ ರೀತಿಯೇ ಬದಲಾಯಿತು. ಮೊದಲೆಲ್ಲ ಹಬ್ಬಕ್ಕೆ ಕರೆದರೆ ಬರುತ್ತಿದ್ದಳು, ಬಂದರೆ ಮನೆಯೊಳಗೆ ಸುಜಾತಾಳ ಜೊತೆ ಕೂತು ಹೋಗುತ್ತಿದ್ದಳು. ಈಗ ಹುಳು ಇಲ್ಲದ ದಿನಗಳಲ್ಲಿ ಕರೆಯದೆಯೇ ಬರುತ್ತಾಳೆ, ನೇರ ತೋಟಕ್ಕೆ ಹೋಗುತ್ತಾಳೆ. ಹೂ ಬಿಡುವ ಕಾಲಕ್ಕೆ ತೋತಾಪುರಿಯ ಒಂದೊಂದು ಮರದ ಕೆಳಗೂ ನಿಂತು ನೋಡುತ್ತಾಳೆ. ಹೋದ ವರ್ಷ ಜಿಗಿಹುಳದ ಕಾಟ ಶುರುವಾದದ್ದನ್ನು ನನಗಿಂತ ಮೊದಲು ಕಂಡುಹಿಡಿದವಳು ಅವಳೇ. ಕಣ್ಣು ಎಲ್ಲಿ ಇಟ್ಟಿದ್ಯೋ ಎಂದು ನನ್ನನ್ನು ತರಾಟೆಗೆ ತೆಗೆದುಕೊಂಡಳು. ಹುಳು ಸಾಕುವವರ ಕಣ್ಣಿನ ಮುಂದೆ ನಮ್ಮ ಕಣ್ಣು ಯಾವ ಲೆಕ್ಕ. ಫಸಲಿನಲ್ಲಿ ಅವಳ ಪಾಲು ಅವಳಿಗೆ ಹೋಗುತ್ತದೆ. ದುಡಿಮೆ ನಿಂದು ಕಣೋ ಎಂದು ಅವಳೇ ಅದರಲ್ಲಿ ಒಂದಷ್ಟು ಬಿಡುತ್ತಾಳೆ. ಆ ವಿಷಯದಲ್ಲಿ ಇದುವರೆಗೆ ನಮ್ಮಿಬ್ಬರ ನಡುವೆ ಒಂದು ಮಾತೂ ಬಂದಿಲ್ಲ.

ಇಷ್ಟೆಲ್ಲ ಆದರೂ ನಾನು ಬಾಯಿಬಿಟ್ಟು ತಪ್ಪು ಒಪ್ಪಿಕೊಂಡಿರಲಿಲ್ಲ. ಟಿವಿ ನೋಡಿ ತಮ್ಮ ಗೊಂದಲ ಮಾಡಿಕೊಂಡ ಎಂದೇ ಅಕ್ಕ ನಂಬಿದ್ದಾಳೆ ಅನ್ನುವ ಆಸೆಯೊಂದು ಒಳಗೇ ಇತ್ತು. ಆ ಆಸೆಯೇ ಒಳಗೊಳಗೆ ಕೊರೆಯುತ್ತಿತ್ತು. ಈ ವರ್ಷ ಕಾಯಿ ಕೀಳಿಸುವ ದಿನ ಮಧ್ಯಾಹ್ನ, ಆಳುಗಳೆಲ್ಲ ಊಟಕ್ಕೆ ಕೂತಿದ್ದಾಗ, ನಾವಿಬ್ಬರೂ ಬಾದಾಮಿ ಮಾವಿನ ಮರದ ನೆರಳಿನಲ್ಲಿ ಕಾಯಿ ವಿಂಗಡಿಸುತ್ತಿದ್ದೆವು. ಹೇಳಿಬಿಟ್ಟೆ. ಅಕ್ಕ, ಅವತ್ತು ಆ ಟ್ಯಾಕ್ಸ್ ಇಲ್ಲ ಅನ್ನೋದು ನನಗೆ ಗೊತ್ತಿತ್ತು, ಗೊತ್ತಿದ್ದೇ ನಿನ್ನ ಹತ್ತಿರ ಸುಳ್ಳು ಹೇಳಿದ್ದೆ ಅಂದೆ. ಅವಳು ಕಾಯಿ ಆರಿಸುತ್ತಲೇ ಹೇಳಿದಳು.

"ಅಲ್ಲೇ ಗೊತ್ತಾಯ್ತು ಕಣೋ, ನಿನ್ನ ಮುಖ ನೋಡಿ. ನಂಗೆ ಬೇಕು ಅಕ್ಕ ಅಂತ ನೀನು ಬಾಯ್ಬಿಟ್ಟು ಕೇಳಿದ್ರೆ ಅವತ್ತೇ ಹೆಬ್ಬೆಟ್ಟು ಒತ್ತಿ ಹೋಗ್ತಿದ್ದೆ. ನೀನು ಕೇಳ್ದೇ ಇದ್ದಿದ್ದೇ ಒಳ್ಳೇದಾಯ್ತು. ಇಲ್ದಿದ್ರೆ ನಾನು ನಮ್ಮಪ್ಪನ ತೋಟಕ್ಕೆ ನೆಂಟಳಾಗಿ ಬರಬೇಕಾಗ್ತಿತ್ತು."

ಅವಳು ಒಂದು ಕಾಯಿಯನ್ನು ಮೂಸಿ ನೋಡಿ, ಇದು ಇವತ್ತೇ ಹಣ್ಣಾಗುತ್ತದೆ, ಮಕ್ಕಳಿಗೆ ಇಡು ಎಂದು ನನ್ನ ಕೈಗೆ ಕೊಟ್ಟಳು.

ಈಗಲೂ ಡೈರಿಯ ಹತ್ತಿರ ಯಾರಾದರೂ ಹೆಣ್ಣುಮಕ್ಕಳ ಸೈನ್ ಹಾಕಿಸಬೇಕು ಚಲಪತಿ, ಕಾಗದ ನೋಡು ಎಂದು ಬಂದರೆ, ಮೊದಲು ಅವರಿಗೆ ವಿಷಯ ತಿಳಿಸಿ, ಅವರ ಬಾಯಿಂದಲೇ ಕೇಳಿಕೊಂಡು ಬನ್ನಿ ಅನ್ನುತ್ತೇನೆ. ಒಬ್ಬಿಬ್ಬರು ನನ್ನನ್ನು ಹುಚ್ಚನನ್ನು ನೋಡಿದ ಹಾಗೆ ನೋಡಿ ಹೋಗಿದ್ದಾರೆ. ಅವರಿಗೆ ನಾನು ಏನೆಂದು ವಿವರಿಸಲಿ. ನಾನು ಅಕ್ಷರ ಕಲಿತವನು, ನಾಲ್ಕು ಕಚೇರಿ ಕಂಡವನು. ಇರುವ ತೋಟದಲ್ಲಿ ಅಕ್ಕನಿಗೆ ಅರ್ಧ ಕೊಡಲು ನನಗೆ ಮನಸ್ಸು ಬಂದಿರಲಿಲ್ಲ. ಅವಳು ಮಾತ್ರ, ಇಲ್ಲದ ತೆರಿಗೆಯಲ್ಲಿ ಅರ್ಧ ಹೊರುತ್ತೇನೆ ಎಂದು ಎರಡು ಬಸ್ಸು ಹಿಡಿದು ಬಂದಿದ್ದಳು.